ಒಡಹುಟ್ಟಿದವರ ಸರದಿ: ಅಮೆರಿಕದ ವಲಸೆ ಕಾನೂನಿನ ಒಂದು ಚರಿತ್ರೆ

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ನಡುವೆ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಮೊದಲನೆಯದನ್ನು ಎಲ್ಲರೆದುರು ಕೇಳುತ್ತಾರೆ: “ನಾನು ಈಗ ಈ ದೇಶದ ಪ್ರಜೆ. ಊರಿನಲ್ಲಿರುವ ತಮ್ಮನನ್ನು ಕರೆಸಿಕೊಳ್ಳಬಹುದೇ?” ಎರಡನೆಯದನ್ನು ಊಟದ ಪಂಕ್ತಿ ಎದ್ದ ಮೇಲೆ, ಪಕ್ಕಕ್ಕೆ ಕರೆದು, ತಗ್ಗಿದ ದನಿಯಲ್ಲಿ ಕೇಳುತ್ತಾರೆ: “ತಂಗಿ ಪ್ರವಾಸಿ ವೀಸಾದಲ್ಲಿ ಬಂದವಳು ಹಿಂತಿರುಗಲಿಲ್ಲ. ಅವಧಿ ಮೀರಿ ವರ್ಷಗಳಾದವು. ನಾನು ಅರ್ಜಿ ಹಾಕಿದರೆ ಸರಿಹೋದೀತೇ?”

ಮೊದಲ ಪ್ರಶ್ನೆಗೆ ಕಾನೂನಿನ ಉತ್ತರ ‘ಆಗುತ್ತದೆ, ಆದರೆ ಬಹುಕಾಲ ಕಾಯಬೇಕು’ ಎಂಬುದು. ಎರಡನೆಯದಕ್ಕೆ ಬಹುತೇಕ ಸಂದರ್ಭಗಳಲ್ಲಿ ಅದರ ಉತ್ತರ ‘ಇಲ್ಲಿದ್ದುಕೊಂಡೇ ಆಗದು’ ಎಂಬುದು. ಒಂದೇ ಬಾಂಧವ್ಯಕ್ಕೆ ಎರಡು ಬಗೆಯ ಉತ್ತರ ಏಕೆ ಎಂದು ತಿಳಿಯಬೇಕಾದರೆ ಸುಮಾರು 80 ವರ್ಷಗಳ ಚರಿತ್ರೆಯನ್ನು ತಿರುವಿ ನೋಡಬೇಕು. ಆ ಚರಿತ್ರೆಯನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ ಹೀಗೆ: ಸರದಿಯಲ್ಲಿ ನಿಲ್ಲುವುದಕ್ಕೆ ಒಡಹುಟ್ಟು ಸಾಕೆಂದು ಈ ದೇಶ ಒಪ್ಪಿತು, ಕ್ಷಮೆ ಬೇಡುವುದಕ್ಕೆ ಅದು ಸಾಕೆಂದು ಎಂದೂ ಒಪ್ಪಲಿಲ್ಲ.

ನೂರು ಜನರ ಕಾಲ

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಭಾರತೀಯರ ಪಾಲಿಗೆ ಈ ಪ್ರಶ್ನೆಗಳೇ ಹುಟ್ಟುವಂತಿರಲಿಲ್ಲ. 1917ರ ವಲಸೆ ಕಾಯ್ದೆ ಏಷ್ಯಾದ ಬಹುಭಾಗವನ್ನು ‘ನಿಷಿದ್ಧ ವಲಯ’ವೆಂದು ಗುರುತಿಸಿತು, ಭಾರತ ಅದರೊಳಗಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಭಾರತೀಯರು ಪೌರತ್ವ ಕಾನೂನಿನ ಅರ್ಥದಲ್ಲಿ ‘ಬಿಳಿಯರು’ ಅಲ್ಲವೆಂದೂ ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದೂ ತೀರ್ಪಿತ್ತಿತು. ಥಿಂಡ್ ಅವರು ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದವರು. ಆ ಸೇವೆಯೂ ನೆರವಿಗೆ ಬರಲಿಲ್ಲ.

1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ಲೂಸ್–ಸೆಲ್ಲರ್ ಕಾಯ್ದೆಯಿಂದ ಭಾರತೀಯರಿಗೆ ಪೌರತ್ವದ ಹಕ್ಕು ದೊರೆಯಿತು. ಅದರ ಜೊತೆಗೆ ದೊರೆತ ವಲಸೆಯ ಪಾಲು ಇಡೀ ದೇಶಕ್ಕೆ ವರ್ಷಕ್ಕೆ 100 ಮಾತ್ರ. 1952ರಲ್ಲಿ ಟ್ರೂಮನ್ ಅವರ ವೀಟೋ ಮೀರಿ ಜಾರಿಗೆ ಬಂದ ಮ್ಯಾಕ್‌ಕ್ಯಾರನ್–ವಾಲ್ಟರ್ ಕಾಯ್ದೆ ಪ್ರಜೆಗಳ ಒಡಹುಟ್ಟಿದವರಿಗೆ ಆದ್ಯತೆಯ ಪಟ್ಟಿಯಲ್ಲಿ ಒಂದು ಸ್ಥಾನ ಕೊಟ್ಟಿತು. ಮೇಲಿನ ವರ್ಗಗಳು ಉಂಡು ಉಳಿಸಿದ್ದರಲ್ಲಿ ಒಂದು ಪಾಲು ಅವರಿಗೆ ಎಂಬಂಥ ಸ್ಥಾನವದು. ನೂರರ ಮಿತಿಯೊಳಗಿದ್ದ ಭಾರತೀಯರಿಗೆ ಅದರಿಂದ ಆದ ಪ್ರಯೋಜನ ಅತ್ಯಲ್ಪ.

ಆದರೆ ಅದೇ ಕಾಯ್ದೆಯ ಇನ್ನೊಂದು ನಿಯಮ ಇಂದಿಗೂ ನಮ್ಮ ಕುಟುಂಬಗಳನ್ನು ಮುಟ್ಟುತ್ತಿದೆ. ತಾತ್ಕಾಲಿಕ ವೀಸಾ ಕೇಳುವ ವ್ಯಕ್ತಿಯನ್ನು, ಆತ ಬೇರೆಯೆಂದು ತೋರಿಸುವವರೆಗೂ, ಇಲ್ಲೇ ನೆಲೆಸಲು ಬಯಸುವವನೆಂದೇ ಭಾವಿಸಬೇಕು ಎಂಬುದು ಆ ನಿಯಮ. ಅಣ್ಣ ಹಾಕಿದ ವಲಸೆ ಅರ್ಜಿ ಕಡತದಲ್ಲಿರುವಾಗ ತಮ್ಮ ಪ್ರವಾಸಿ ವೀಸಾ ಕೇಳಿದರೆ ಅಧಿಕಾರಿ ಅನುಮಾನಿಸುವುದು ಈ ಕಾರಣಕ್ಕೇ.

1965: ಒಡಹುಟ್ಟಿದವರಿಗೆ ದೊಡ್ಡ ಪಾಲು

1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಲಿಬರ್ಟಿ ದ್ವೀಪದಲ್ಲಿ, ಸ್ವಾತಂತ್ರ್ಯದೇವಿಯ ಪ್ರತಿಮೆಯ ಬುಡದಲ್ಲಿ, ಹಾರ್ಟ್–ಸೆಲ್ಲರ್ ಕಾಯ್ದೆಗೆ ಸಹಿ ಹಾಕಿದರು. ರಾಷ್ಟ್ರಮೂಲವನ್ನು ನೋಡಿ ಪಾಲು ಹಂಚುವ ಪದ್ಧತಿಗೆ ಅಲ್ಲಿಗೆ ತೆರೆಬಿತ್ತು. ಪೂರ್ವಗೋಳಾರ್ಧಕ್ಕೆ ವರ್ಷಕ್ಕೆ 1,70,000 ವೀಸಾ, ಯಾವುದೇ ಒಂದು ದೇಶಕ್ಕೆ 20,000ದ ಮಿತಿ, ಅದರೊಳಗೆ ಏಳು ಆದ್ಯತೆಗಳು ಎಂಬ ಹೊಸ ವ್ಯವಸ್ಥೆ ಬಂದಿತು. ವೃತ್ತಿಪರರಿಗೆ ಮೀಸಲಾದ ಮೂರನೆಯ ಆದ್ಯತೆಗೆ ದೊರೆತದ್ದು ಶೇಕಡ 10. ಪ್ರಜೆಗಳ ಒಡಹುಟ್ಟಿದವರ ಐದನೆಯ ಆದ್ಯತೆಗೆ ದೊರೆತದ್ದು ಶೇಕಡ 24. ಏಳರಲ್ಲಿ ಇದೇ ಅತಿದೊಡ್ಡ ಪಾಲು. ಈ ಕಾಯ್ದೆಯನ್ನು ‘ಅಣ್ಣತಮ್ಮ ಅಕ್ಕತಂಗಿಯರ ಕಾಯ್ದೆ’ ಎಂದು ಕೆಲವರು ಕರೆದದ್ದು ಸುಮ್ಮನೆ ಅಲ್ಲ.

ಈ ಔದಾರ್ಯದ ಹಿನ್ನೆಲೆ ವಿಚಿತ್ರವಾದುದು. ಸರ್ಕಾರದ ಮೂಲ ಪ್ರಸ್ತಾವದಲ್ಲಿ ವೃತ್ತಿ ಕೌಶಲಕ್ಕೇ ಮೊದಲ ಮಣೆಯಿತ್ತು. ಪ್ರತಿನಿಧಿ ಸಭೆಯ ವಲಸೆ ಉಪಸಮಿತಿಯ ಅಧ್ಯಕ್ಷರಾಗಿದ್ದ ಒಹಾಯೋದ ಮೈಕೆಲ್ ಫೀಗನ್ ಅದನ್ನು ತಿರುಗಿಸಿ ಕುಟುಂಬಕ್ಕೆ ಆದ್ಯತೆ ಕೊಡಿಸಿದರು. ಈಗಾಗಲೇ ಇಲ್ಲಿರುವವರ ಬಂಧುಗಳೇ ಬರುವಂತಾದರೆ ದೇಶದ ಜನಾಂಗೀಯ ಸ್ವರೂಪ ಬದಲಾಗದೆ ಉಳಿದೀತೆಂಬ ಲೆಕ್ಕಾಚಾರ ಅದರ ಹಿಂದಿತ್ತು. ಬಂಧುಗಳೇ ಇಲ್ಲದ ಏಷ್ಯನ್ನರು ಯಾರನ್ನು ಕರೆಸಿಯಾರು ಎಂದು ಅಂದಿನವರು ಭಾವಿಸಿದ್ದರು. ನಮ್ಮಂಥವರನ್ನು ಎಣಿಕೆಗೇ ತೆಗೆದುಕೊಳ್ಳದೆ ತೆರೆದ ಬಾಗಿಲಿನಿಂದಲೇ ನಮ್ಮವರು ಒಳಬಂದರು.

ಆ ಲೆಕ್ಕ ತಪ್ಪಿದ್ದು ವೈದ್ಯರು, ಎಂಜಿನಿಯರುಗಳಿಂದ. 1965ರಲ್ಲೇ ಮೆಡಿಕೇರ್ ಮತ್ತು ಮೆಡಿಕೇಡ್ ಯೋಜನೆಗಳೂ ಬಂದು ಆಸ್ಪತ್ರೆಗಳಿಗೆ ವೈದ್ಯರ ಅಗತ್ಯ ಹೆಚ್ಚಿತು. ಮೈಸೂರು, ಬೆಂಗಳೂರು, ಹುಬ್ಬಳ್ಳಿ, ಮಣಿಪಾಲಗಳ ವೈದ್ಯಕೀಯ ಕಾಲೇಜುಗಳಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದವರೂ ಈ ದಾರಿ ಹಿಡಿದರು. 1976ರಲ್ಲಿ ವಿದೇಶಿ ವೈದ್ಯರ ಪ್ರವೇಶವನ್ನು ಕಾಂಗ್ರೆಸ್ಸು ಬಿಗಿಗೊಳಿಸಿತು. ಅಷ್ಟರೊಳಗೆ ಮೊದಲು ಬಂದವರು ಐದು ವರ್ಷಗಳ ವಾಸ ಪೂರೈಸಿ ಪ್ರಜೆಗಳಾಗತೊಡಗಿದ್ದರು. ಗ್ರೀನ್ ಕಾರ್ಡ್ ಇದ್ದವರಿಗೆ ಒಡಹುಟ್ಟಿದವರನ್ನು ಕರೆಸುವ ಹಕ್ಕಿಲ್ಲ. ಪ್ರಜೆಗಳಿಗೆ ಮಾತ್ರ ಉಂಟು. ಪೌರತ್ವದ ಪ್ರಮಾಣ ವಚನ ಮುಗಿಸಿದ ಅಣ್ಣ ತಮ್ಮನಿಗೆ ಅರ್ಜಿ ಹಾಕಿದ, ಆ ತಮ್ಮ ಬಂದು ಪ್ರಜೆಯಾಗಿ ತನ್ನ ಹೆಂಡತಿಯ ಕಡೆಯವರಿಗೂ ದಾರಿ ತೆರೆದ. ನಮ್ಮ ಕೂಟಗಳಲ್ಲಿ ಒಂದೇ ಊರಿನ, ಒಂದೇ ಮನೆತನದ ಹಲವು ಸಂಸಾರಗಳು ಒಟ್ಟಿಗೆ ಕಾಣಸಿಗುವುದಕ್ಕೆ ಈ ಐದನೆಯ ಆದ್ಯತೆಯೂ ಒಂದು ಕಾರಣ.

ಕಾನೂನು ಒಪ್ಪುವ ಒಡಹುಟ್ಟು

ಕಾನೂನಿನ ಕಣ್ಣಿಗೆ ಒಡಹುಟ್ಟಿದವರೆಂದರೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಸಮಾನರಾಗಿರುವವರು. ಅರ್ಜಿ ಹಾಕುವ ಪ್ರಜೆಗೆ 21 ವರ್ಷ ತುಂಬಿರಬೇಕು. ದೊಡ್ಡಪ್ಪನ ಮಗನನ್ನೂ ಅಣ್ಣನೆಂದೇ, ಚಿಕ್ಕಮ್ಮನ ಮಗಳನ್ನೂ ತಂಗಿಯೆಂದೇ ಕರೆಯುವ ನಮ್ಮ ಭಾಷೆಗೆ ಈ ಗೆರೆ ಇಕ್ಕಟ್ಟಾದುದು. ಗೆರೆಯೊಳಗಿರುವವರಿಗೂ ಪುರಾವೆಯ ಕಷ್ಟ ಇದ್ದೇ ಇದೆ. ಭಾರತದ ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೆ ಮುಂಚೆ, ಅನೇಕ ಕಡೆ ಅದರ ನಂತರವೂ, ಹಳ್ಳಿಯ ಮನೆಯಲ್ಲಿ ಹುಟ್ಟಿದ ಮಗುವಿನ ಹೆಸರು ಯಾವ ದಫ್ತರಕ್ಕೂ ಏರಲಿಲ್ಲ. ಅಂಥವರು ‘ಜನನ ದಾಖಲೆ ಲಭ್ಯವಿಲ್ಲ’ ಎಂಬ ಪ್ರಮಾಣಪತ್ರ, ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಹಿರಿಯ ಬಂಧುಗಳ ಪ್ರಮಾಣಪತ್ರಗಳನ್ನು ಒಟ್ಟುಗೂಡಿಸಬೇಕಾಗುತ್ತದೆ. ಅಕ್ಕನ ಇನಿಷಿಯಲ್ ಮದುವೆಯ ನಂತರ ಬದಲಾಗಿರುತ್ತದೆ, ತಮ್ಮನ ಹೆಸರಿನ ಮುಂದೆ ಊರಿನ ಹೆಸರು ಸೇರಿರುತ್ತದೆ. ಇಬ್ಬರೂ ಒಂದೇ ತಾಯಿಯ ಮಕ್ಕಳೆಂಬುದು ಊರಿಗೆಲ್ಲ ಗೊತ್ತು. ಕಾಗದಕ್ಕೆ ಮಾತ್ರ ಗೊತ್ತಿಲ್ಲ.

ಸರದಿ ಉದ್ದವಾದ ಬಗೆ

1990ರ ವಲಸೆ ಕಾಯ್ದೆ ಆದ್ಯತೆಗಳನ್ನು ಮರುಜೋಡಿಸಿತು. ಒಡಹುಟ್ಟಿದವರ ವರ್ಗ ಕುಟುಂಬದ ನಾಲ್ಕನೆಯ ಆದ್ಯತೆಯಾಯಿತು. ಇಂದು ಎಫ್-4 ಎಂದು ಕರೆಯುವುದು ಇದನ್ನೇ. ಅದಕ್ಕೆ ವರ್ಷಕ್ಕೆ 65,000 ವೀಸಾ ಎಂದು ಗೊತ್ತುಮಾಡಲಾಯಿತು. ತಮ್ಮನ ಜೊತೆಗೆ ಬರುವ ಹೆಂಡತಿ, ಮಕ್ಕಳೂ ಈ ಎಣಿಕೆಯೊಳಗೇ ಸೇರುತ್ತಾರೆ. ಒಂದೇ ದೇಶಕ್ಕೆ ಶೇಕಡ 7ರ ಮಿತಿ ಬೇರೆ. ಅಂದಿನಿಂದ ಇಂದಿನವರೆಗೆ ಆ ಸಂಖ್ಯೆ ಬದಲಾಗಿಲ್ಲ. ಅರ್ಜಿ ಹಾಕುವ ಪ್ರಜೆಗಳ ಸಂಖ್ಯೆ ಮಾತ್ರ ಏರುತ್ತಲೇ ಹೋಯಿತು. 2025ರ ವೀಸಾ ಬುಲೆಟಿನ್ನುಗಳಲ್ಲಿ ಭಾರತದ ಎಫ್-4 ಸರದಿ 2006ರ ದಿನಾಂಕಗಳಲ್ಲಿ ತೆವಳುತ್ತಿತ್ತು. ಎಂದರೆ 19 ವರ್ಷಗಳ ಕಾಯುವಿಕೆ.

ಹತ್ತೊಂಬತ್ತು ವರ್ಷಗಳಲ್ಲಿ ಒಂದು ಮನೆಯಲ್ಲಿ ಏನೆಲ್ಲ ಆಗಬಹುದು! ಅರ್ಜಿ ಹಾಕಿದಾಗ ಐದು ವರ್ಷದವಳಾಗಿದ್ದ ಸೋದರ ಸೊಸೆ 24 ದಾಟಿರುತ್ತಾಳೆ. 21 ತುಂಬಿದ ಮಕ್ಕಳು ತಂದೆಯ ಅರ್ಜಿಯ ನೆರಳಿನಿಂದ ಹೊರಬೀಳುತ್ತಾರೆ. 2002ರ ಮಕ್ಕಳ ಸ್ಥಿತಿ ರಕ್ಷಣಾ ಕಾಯ್ದೆ, ಅರ್ಜಿ ಪರಿಶೀಲನೆಯಲ್ಲಿದ್ದ ಅವಧಿಯನ್ನು ವಯಸ್ಸಿನಿಂದ ಕಳೆಯಲು ಅವಕಾಶ ಕೊಟ್ಟು ತುಸು ನೆರವಾಯಿತು. ಆದರೂ ವಯಸ್ಸು ಮೀರಿದ ಮಕ್ಕಳು ಹಳೆಯ ಆದ್ಯತಾ ದಿನಾಂಕವನ್ನು ಹೊಸ ಅರ್ಜಿಗೆ ಒಯ್ಯಲಾರರೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅರ್ಜಿದಾರ ಅಣ್ಣನೇ ತೀರಿಕೊಂಡರೆ ಅರ್ಜಿಯೂ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ಮಾನವೀಯ ನೆಲೆಯಲ್ಲಿ ಪುನಃ ಜೀವ ಕೊಡಿರೆಂದು ಕೋರಬಹುದಷ್ಟೆ. 2009ರ ತಿದ್ದುಪಡಿ ಆ ವೇಳೆಗೆ ಅಮೆರಿಕದಲ್ಲೇ ವಾಸವಾಗಿದ್ದವರಿಗೆ ರಕ್ಷಣೆ ಕೊಟ್ಟಿತು. ಊರಿನಲ್ಲಿ ಕಾಯುತ್ತಿರುವ ತಮ್ಮನಿಗಲ್ಲ.

1996: ಒಂದೇ ಮಸೂದೆ, ಎರಡು ವಿಧಿ

ಈ ಉದ್ದನೆಯ ಸರದಿಯನ್ನು ಕಂಡು, ಅದನ್ನು ಮುಚ್ಚಿಬಿಡುವುದೇ ಲೇಸೆಂದು ಹೇಳಿದವರೂ ಉಂಟು. ಬಾರ್ಬರಾ ಜೋರ್ಡನ್ ಅವರ ಅಧ್ಯಕ್ಷತೆಯ ವಲಸೆ ಸುಧಾರಣಾ ಆಯೋಗ 1995ರಲ್ಲಿ, ಗಂಡ ಹೆಂಡತಿ ಮಕ್ಕಳಿರುವ ಚಿಕ್ಕ ಕುಟುಂಬಕ್ಕೆ ಗಮನ ಕೊಟ್ಟು ಒಡಹುಟ್ಟಿದವರ ವರ್ಗವನ್ನು ಕೈಬಿಡಬೇಕೆಂದು ಶಿಫಾರಸು ಮಾಡಿತು. ಮರುವರ್ಷದ ಮಸೂದೆಯಲ್ಲಿ ಈ ಶಿಫಾರಸು ಸೇರಿತ್ತು. 1996ರ ಮಾರ್ಚಿನಲ್ಲಿ ಪ್ರತಿನಿಧಿ ಸಭೆ ಸಕ್ರಮ ವಲಸೆಯನ್ನು ಕಡಿತಗೊಳಿಸುವ ಭಾಗವನ್ನು ಮಸೂದೆಯಿಂದ ತೆಗೆದುಹಾಕಿತು. ಎಫ್-4 ಬದುಕುಳಿಯಿತು.

ಆದರೆ ಅಕ್ರಮ ವಲಸೆಯನ್ನು ಕುರಿತ ಭಾಗ ಹಾಗೆಯೇ ಮುಂದುವರಿದು, 1996ರ ಸೆಪ್ಟೆಂಬರ್ 30ರಂದು ಅಧ್ಯಕ್ಷ ಕ್ಲಿಂಟನ್ ಅವರ ಸಹಿಯೊಂದಿಗೆ ಕಾನೂನಾಯಿತು. 1997ರ ಏಪ್ರಿಲ್ 1ರಿಂದ ಕಾನೂನುಬಾಹಿರ ವಾಸದ ಎಣಿಕೆ ಆರಂಭವಾಯಿತು. 180 ದಿನಗಳಿಗೂ ಮೀರಿ, ಒಂದು ವರ್ಷಕ್ಕೆ ಕಡಿಮೆ ಹೀಗೆ ಉಳಿದು ತಾನಾಗಿ ಹೊರಟವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಉಳಿದವರಿಗೆ ಹತ್ತು ವರ್ಷ ಮರುಪ್ರವೇಶ ನಿಷೇಧ. ಈ ನಿಷೇಧ ಜಾರಿಯಾಗುವುದು ದೇಶ ಬಿಟ್ಟ ಗಳಿಗೆಯಿಂದ. 18 ವರ್ಷ ತುಂಬುವ ಮುನ್ನ ಕಳೆದ ದಿನಗಳು ಎಣಿಕೆಗೆ ಬರುವುದಿಲ್ಲ. ಹೀಗೆ ಒಂದೇ ಮಸೂದೆಯ ಕಥೆಯಲ್ಲಿ ತಮ್ಮನ ಸರದಿ ಉಳಿಯಿತು, ಅವಧಿ ಮೀರಿದ ತಮ್ಮನ ದಾರಿ ಮುಚ್ಚಿತು.

ಇಲ್ಲಿ ನಮ್ಮವರಲ್ಲಿ ನೆಲೆಯೂರಿರುವ ಎರಡು ತಪ್ಪು ತಿಳಿವಳಿಕೆಗಳನ್ನು ಹೇಳಬೇಕು. ಮೊದಲನೆಯದು, ಪಾಸ್‌ಪೋರ್ಟಿನಲ್ಲಿ ಹತ್ತು ವರ್ಷದ ವೀಸಾ ಮುದ್ರೆಯಿದ್ದರೆ ಹತ್ತು ವರ್ಷ ಇರಬಹುದೆಂಬುದು. ವೀಸಾ ಬಾಗಿಲು ತಟ್ಟುವ ಅನುಮತಿ ಮಾತ್ರ. ಎಷ್ಟು ದಿನ ಇರಬಹುದೆಂಬುದನ್ನು ಹೇಳುವುದು ಪ್ರವೇಶದ ವೇಳೆ ಕೊಡುವ ಐ-94 ದಾಖಲೆ. ಪ್ರವಾಸಿಗಳಿಗೆ ಸಾಮಾನ್ಯವಾಗಿ ಆರು ತಿಂಗಳು. ಅದನ್ನು ಒಂದು ದಿನ ಮೀರಿದರೂ ಆ ವೀಸಾ ರದ್ದಾದಂತೆ. ವಿದ್ಯಾರ್ಥಿ ವೀಸಾದಲ್ಲಿ ನಿರ್ದಿಷ್ಟ ದಿನಾಂಕವಿಲ್ಲದೆ ಪ್ರವೇಶ ಪಡೆದವರ ಎಣಿಕೆಯ ಕ್ರಮ ಬೇರೆ. ಎರಡನೆಯದು, ಅಣ್ಣನ ಐ-130 ಅರ್ಜಿ ಸ್ವೀಕೃತವಾದರೆ ತಮ್ಮ ಇಲ್ಲಿರುವುದು ಸಕ್ರಮವಾಯಿತೆಂಬುದು. ಆ ಅರ್ಜಿ ಸರದಿಯಲ್ಲಿ ಒಂದು ಸ್ಥಾನ ಕೊಡುತ್ತದೆ; ಒಂದು ದಿನದ ವಾಸದ ಹಕ್ಕನ್ನೂ ಕೊಡುವುದಿಲ್ಲ.

ಪ್ರಜೆಯ ಗಂಡ, ಹೆಂಡತಿ, ತಂದೆ, ತಾಯಿ, ಮದುವೆಯಾಗದ ಚಿಕ್ಕ ಮಕ್ಕಳು ‘ಅತಿ ಸಮೀಪದ ಬಂಧುಗಳು’. ತಪಾಸಣೆಗೆ ಒಳಪಟ್ಟು ಸಕ್ರಮವಾಗಿ ಪ್ರವೇಶಿಸಿದ್ದರೆ, ನಂತರ ಅವಧಿ ಮೀರಿದ್ದರೂ, ಅವರು ದೇಶ ಬಿಡದೆ ಇಲ್ಲಿಯೇ ಗ್ರೀನ್ ಕಾರ್ಡ್ ಕೋರಬಹುದು. ಒಡಹುಟ್ಟಿದವರು ಆ ಪಟ್ಟಿಯಲ್ಲಿಲ್ಲ. ಅವಧಿ ಮೀರಿದ ತಂಗಿ ಸರದಿ ಬಂದಾಗ ಊರಿಗೆ ಹೋಗಿ ವೀಸಾ ಪಡೆಯಬೇಕು. ಹೋದ ಕ್ಷಣವೇ ಹತ್ತು ವರ್ಷದ ನಿಷೇಧ ಎರಗುತ್ತದೆ.

ಒಂದು ಕಿಟಕಿ ತೆರೆದಿದ್ದ ದಿನಗಳು

ಈ ಬಿಗಿಯಲ್ಲಿ ಒಂದು ಕಿಟಕಿ ಕೆಲಕಾಲ ತೆರೆದಿತ್ತು. 1994ರಲ್ಲಿ ಬಂದ 245(ಐ) ಎಂಬ ವಿಧಿ, ಅವಧಿ ಮೀರಿದವರೂ ದಂಡ ಕಟ್ಟಿ ಇಲ್ಲಿಯೇ ಗ್ರೀನ್ ಕಾರ್ಡ್ ಪಡೆಯಲು ಅವಕಾಶ ನೀಡಿತು. ದಂಡ ಮುಂದೆ 1,000 ಡಾಲರ್ ಆಯಿತು. 1998ರ ಜನವರಿ 14ಕ್ಕೆ ಮುಗಿದ ಈ ಅವಕಾಶವನ್ನು 2000ದ ಡಿಸೆಂಬರಿನ ಲೈಫ್ ಕಾಯ್ದೆ 2001ರ ಏಪ್ರಿಲ್ 30ರವರೆಗೆ ವಿಸ್ತರಿಸಿತು. ಆ ದಿನಾಂಕದೊಳಗೆ ಸಲ್ಲಿಸಿದ, ಅಂದು ಮಂಜೂರಾತಿಗೆ ಯೋಗ್ಯವಾಗಿದ್ದ ಅರ್ಜಿಯ ಫಲಾನುಭವಿಗಳಿಗೆ ಈ ರಕ್ಷಣೆ ಇಂದಿಗೂ ಉಂಟು. 1998ರ ಜನವರಿ 14ರ ನಂತರದ ಅರ್ಜಿಯಾದರೆ 2000ದ ಡಿಸೆಂಬರ್ 21ರಂದು ಫಲಾನುಭವಿ ಅಮೆರಿಕದಲ್ಲಿದ್ದಿರಬೇಕು. ಇದು ಚರಿತ್ರೆಯ ಧೂಳು ಹಿಡಿದ ವಿಷಯವಲ್ಲ. ಯಾವುದೋ ಟ್ರಂಕಿನ ತಳದಲ್ಲಿರುವ ಹಳೆಯ ರಸೀದಿಯೊಂದು ಇಂದು ಒಂದು ಸಂಸಾರವನ್ನು ಉಳಿಸಬಹುದು. ಅಂಥ ಕಾಗದಗಳನ್ನು ಎಸೆಯಬಾರದು.

ತಾಯಿಯ ಮೂಲಕ ಬರುವ ಕ್ಷಮೆ

ಮೂರು ಮತ್ತು ಹತ್ತು ವರ್ಷಗಳ ನಿಷೇಧಕ್ಕೆ ಕಾನೂನು ಒಂದು ವಿನಾಯಿತಿಯನ್ನು ಇಟ್ಟಿದೆ. ನಿಷೇಧದಿಂದ ವಿಪರೀತ ಸಂಕಷ್ಟಕ್ಕೆ ಒಳಗಾಗುವ ಬಂಧು ಇದ್ದಾರೆಂದು ತೋರಿಸಬೇಕು. ಆ ಬಂಧು ಯಾರು? ಪ್ರಜೆ ಅಥವಾ ಗ್ರೀನ್ ಕಾರ್ಡ್ ಉಳ್ಳ ಗಂಡ, ಹೆಂಡತಿ, ತಂದೆ ಅಥವಾ ತಾಯಿ. ಅರ್ಜಿ ಹಾಕಿದ ಅಣ್ಣನ ಸಂಕಷ್ಟ ಲೆಕ್ಕಕ್ಕಿಲ್ಲ. ಮಕ್ಕಳ ಸಂಕಷ್ಟ ಕೂಡ ನೇರವಾಗಿ ಲೆಕ್ಕಕ್ಕಿಲ್ಲ. ದೇಶ ಬಿಡುವ ಮುನ್ನವೇ ಈ ವಿನಾಯಿತಿ ಕೋರುವ ಕ್ರಮ 2013ರಲ್ಲಿ ಅತಿ ಸಮೀಪದ ಬಂಧುಗಳಿಗೆ ಆರಂಭವಾಗಿ, 2016ರಲ್ಲಿ ಎಫ್-4ರಂಥ ವರ್ಗಗಳಿಗೂ ವಿಸ್ತರಿಸಿತು. ಅಣ್ಣನ ಮನೆಯಲ್ಲಿ ಗ್ರೀನ್ ಕಾರ್ಡ್ ಪಡೆದು ನೆಲೆಸಿರುವ ವೃದ್ಧ ತಾಯಿಯೇ ಹೀಗೆ ಅವಧಿ ಮೀರಿದ ಮಗಳ ಪಾಲಿನ ಕಾನೂನುಬದ್ಧ ಆಸರೆಯಾಗುತ್ತಾಳೆ. ಅಣ್ಣ ತಂಗಿಯರ ನಡುವಿನ ಬಾಂಧವ್ಯಕ್ಕೆ ಇಲ್ಲದ ಬೆಲೆ ಅವರಿಬ್ಬರನ್ನು ಹೆತ್ತವಳಿಗೆ ಇದೆ.

ವೈದ್ಯರಾದ ನಮಗೆ ಈ ವಿಷಯ ಎದುರಾಗುವುದು ಇಲ್ಲಿಯೇ. “ಅಮ್ಮನ ಆರೋಗ್ಯದ ಬಗ್ಗೆ ಒಂದು ಪತ್ರ ಬರೆದುಕೊಡಿ ಡಾಕ್ಟ್ರೇ, ಸ್ವಲ್ಪ ಗಟ್ಟಿಯಾಗಿ ಬರೆಯಿರಿ” ಎಂದು ಕೇಳುವವರುಂಟು. ಗಟ್ಟಿಯಾದ ಪತ್ರವೆಂದರೆ ಸತ್ಯವಾದ ಪತ್ರ. ಯಾವ ರೋಗ, ಎಷ್ಟು ವರ್ಷದಿಂದ, ಯಾವ ಚಿಕಿತ್ಸೆ, ಸ್ನಾನಕ್ಕೆ, ನಡಿಗೆಗೆ, ಔಷಧಿಗೆ ದಿನವೂ ಯಾರ ಕೈ ಬೇಕು, ಆ ಕೈ ಇಲ್ಲವಾದರೆ ಏನಾಗುತ್ತದೆ ಎಂಬುದನ್ನು ದಾಖಲೆಯೊಂದಿಗೆ ಹೇಳುವುದು ನಮ್ಮ ಕೆಲಸ. ಇಲ್ಲದ ಕಾಯಿಲೆಯನ್ನು ಸೇರಿಸಿದರೆ ಇರುವ ಕಾಯಿಲೆಯನ್ನೂ ಯಾರೂ ನಂಬರು. ಇನ್ನೊಂದು ಮಾತು: ಅವಧಿ ಮೀರಿದವರು ಭಯದಿಂದ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದೆ ಕಾಯಿಲೆಯನ್ನು ಬಲಿಯಲು ಬಿಡುವುದುಂಟು. ಮೆಡಿಕೇರ್ ಸ್ವೀಕರಿಸುವ ಆಸ್ಪತ್ರೆಗಳ ತುರ್ತು ವಿಭಾಗಗಳು, ಯಾರೇ ಬಂದರೂ ವಲಸೆ ಸ್ಥಿತಿಯನ್ನು ನೋಡದೆ ಪರೀಕ್ಷಿಸಿ ಅಪಾಯದಿಂದ ಪಾರುಮಾಡಬೇಕೆಂದು 1986ರ ಕಾನೂನು ವಿಧಿಸಿದೆ. ಎದೆನೋವಿಗೆ ವೀಸಾ ಕೇಳುವ ಅಗತ್ಯ ವೈದ್ಯನಿಗಿಲ್ಲ.

ಚರಿತ್ರೆ ಕಲಿಸುವ ಲೆಕ್ಕ

ಈ ಎರಡು ಕಾನೂನುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಪ್ರತ್ಯೇಕವಾಗಿ ನೋಡಿದಾಗ ಕಾಣದ ಒಂದು ಲೆಕ್ಕ ಕಾಣುತ್ತದೆ. 2006ರ ಆರಂಭದಲ್ಲಿ ಅಣ್ಣ ಅರ್ಜಿ ಹಾಕಿದನೆಂದುಕೊಳ್ಳೋಣ. ಎರಡು ವರ್ಷ ಅವಧಿ ಮೀರಿದ ತಮ್ಮ 2010ರಲ್ಲಿ ಊರಿಗೆ ಹೊರಟನೆಂದರೆ ಹತ್ತು ವರ್ಷದ ನಿಷೇಧ 2020ಕ್ಕೆ ಮುಗಿಯುತ್ತದೆ. ಸರದಿ 2025ರಲ್ಲಿ ಬಂದಾಗ ನಿಷೇಧ ಹಿಂದೆ ಸರಿದಿರುತ್ತದೆ. ಅದೇ ತಮ್ಮ ಸರದಿ ಬರಲಿ ಎಂದು ಇಲ್ಲಿಯೇ ಅಡಗಿ 2025ರಲ್ಲಿ ಹೊರಟರೆ, ವಿನಾಯಿತಿ ದೊರೆಯದ ಪಕ್ಷದಲ್ಲಿ, 2035ರವರೆಗೆ ಕಾಯಬೇಕು. ಸರದಿಯ ಉದ್ದವೇ ಒಬ್ಬನಿಗೆ ನಿಷೇಧವನ್ನು ಸವೆಸುವ ಕಾಲವಾಗುತ್ತದೆ, ಇನ್ನೊಬ್ಬನಿಗೆ ಕಳೆದುಹೋದ ಕಾಲವಾಗುತ್ತದೆ. ‘ಹೇಗೂ ಅರ್ಜಿ ಇದೆಯಲ್ಲ, ಇಲ್ಲೇ ಇರು’ ಎಂಬ ಪ್ರೀತಿಯ ಮಾತು ಎಷ್ಟೋ ಬಾರಿ ತಮ್ಮನಿಗೆ ಮಾಡುವ ಅಪಕಾರವಾಗುವುದು ಹೀಗೆ.

ಹಾಗೆಂದು ಈ ಲೆಕ್ಕವನ್ನು ಓದಿ ಯಾರೂ ನಾಳೆಯೇ ವಿಮಾನ ಹತ್ತಬಾರದು. ಹೊರಟ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲಾಗದ ಹೆಜ್ಜೆ ಅದು. 245(ಐ) ಅನ್ವಯಿಸುವುದೇ, ಇಲ್ಲಿ ಹುಟ್ಟಿದ ಮಗುವಿಗೆ 21 ತುಂಬುವುದು ಯಾವಾಗ, ಹೆತ್ತವರೇ ಅರ್ಜಿ ಹಾಕಿದರೆ ಸರದಿ ಬೇಗ ಬರುವುದೇ, ಗಡೀಪಾರಿನ ಆದೇಶವೇನಾದರೂ ಇದೆಯೇ ಎಂಬುದನ್ನೆಲ್ಲ ಪರವಾನಗಿ ಪಡೆದ ವಲಸೆ ವಕೀಲರು ಅಥವಾ ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಗಳು ಮೊದಲು ನೋಡಬೇಕು. ನಾವು ಬರೆದಿರುವುದು ಚರಿತ್ರೆ, ಕಾನೂನು ಸಲಹೆಯಲ್ಲ.

ಒಡಹುಟ್ಟಿದವರ ವರ್ಗವನ್ನು ತೆಗೆದುಹಾಕುವ ಯತ್ನ 1996ಕ್ಕೆ ನಿಲ್ಲಲಿಲ್ಲ. 2013ರಲ್ಲಿ ಸೆನೆಟ್ 68–32 ಮತಗಳಿಂದ ಒಪ್ಪಿದ ಸಮಗ್ರ ಸುಧಾರಣಾ ಮಸೂದೆ ಅದನ್ನು ಕೊನೆಗೊಳಿಸುತ್ತಿತ್ತು. ಲಕ್ಷಾಂತರ ಜನರಿಗೆ ಸಕ್ರಮದ ದಾರಿಯನ್ನೂ ಅದೇ ಮಸೂದೆ ತೆರೆಯುತ್ತಿತ್ತು. ಪ್ರತಿನಿಧಿ ಸಭೆ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಮತ್ತೆ ಅಂಥ ಮಸೂದೆ ಬರಬಹುದು. ಅಂದು ನಮ್ಮ ಪ್ರತಿನಿಧಿಗಳಿಗೆ ಹೇಳಲು ನಮ್ಮಲ್ಲಿ ಮಾತಿರಬೇಕು. ಈ ದೇಶದ ಕನ್ನಡ ಕೂಟಗಳು ಕಟ್ಟಿಕೊಂಡ ಒಕ್ಕೂಟದ ಹೆಸರೇ ‘ಅಕ್ಕ’. ಆ ಪದದ ಭಾರ ಬಲ್ಲ ಜನ ನಾವು. ಸರದಿಯಲ್ಲಿ ನಿಂತಿರುವವನು ತಮ್ಮನೆಂದು ಒಪ್ಪುವ ಕಾನೂನು, ಅವನಿಗಾಗಿ ಮರುಗುವ ಅಕ್ಕನ ಮಾತನ್ನೂ ಒಂದು ಸಾಕ್ಷ್ಯವೆಂದು ಕೇಳಬೇಕು ಎಂದು ಕೋರುವುದು ಅತಿಯಾದ ಬೇಡಿಕೆಯಲ್ಲ. ಅಲ್ಲಿಯವರೆಗೆ, ತಗ್ಗಿದ ದನಿಯಲ್ಲಿ ಪ್ರಶ್ನೆ ಕೇಳುವವರಿಗೆ ಸುಳ್ಳು ಭರವಸೆಯನ್ನೂ ಕೊಡದೆ, ಮುಖವನ್ನೂ ತಿರುಗಿಸದೆ, ತಿಳಿದಷ್ಟನ್ನು ಸರಿಯಾಗಿ ಹೇಳುವುದು ನಮ್ಮ ಕೂಟದ ಪ್ರತಿಯೊಂದು ಮನೆಯ ಕರ್ತವ್ಯ.